ಡಾರ್ವಿನ್ನರ ಮನೆ ತುಂಬ ಮಕ್ಕಳು

ಡ್ರಾಯಿಂಗ್ ರೂಮಿನ ಸೋಫಾ ಹತ್ತಿ ಕುಣಿಯಬಾರದು ಎಂಬುದು ಆ ಮನೆಯ ಕಾನೂನು. ಸ್ಪ್ರಿಂಗು ಹಾಳಾಗುತ್ತದಲ್ಲ! ಒಂದು ದಿನ ಅಪ್ಪ ಒಳಗೆ ಬಂದು ನೋಡಿದರೆ ಪುಟ್ಟ ಲೆನಾರ್ಡ್ ಅದೇ ಸೋಫಾದ ಮೇಲೆ ಕುಣಿಯುತ್ತಿದ್ದಾನೆ. ಇದು ನಿಯಮಕ್ಕೆ ಪೂರ್ತಿ ವಿರುದ್ಧ ಎಂದು ಅಪ್ಪ ಆಕ್ಷೇಪಿಸಿದರು. ಹುಡುಗ ಇಳಿಯಲಿಲ್ಲ. ಹಾಗಿದ್ದರೆ ಅಪ್ಪನೇ ಕೋಣೆಯಿಂದ ಹೊರಗೆ ಹೋಗುವುದು ವಾಸಿ ಎಂದು ಸಲಹೆ ಕೊಟ್ಟ.

ಆ ಅಪ್ಪ ಬೇರೆ ಯಾರೂ ಅಲ್ಲ, ಚಾರ್ಲ್ಸ್ ಡಾರ್ವಿನ್. ಪಠ್ಯಪುಸ್ತಕದಲ್ಲಿ ಅವರೆಂದರೆ ಉದ್ದ ಬಿಳಿ ಗಡ್ಡದ, ಗಂಭೀರ ಮುಖದ ಮುದುಕರು. ಪಕ್ಕದಲ್ಲಿ ಬೀಗಲ್ ಹಡಗಿನ ಚಿತ್ರ, ಗಲಾಪಗೋಸ್ ದ್ವೀಪದ ಹಕ್ಕಿಗಳ ಕೊಕ್ಕು. ಆದರೆ ಹಡಗಿನ ಪ್ರವಾಸ ನಡೆದದ್ದು 1831ರಿಂದ 1836ರ ವರೆಗೆ, ಐದು ವರ್ಷ ಮಾತ್ರ. ಆಮೇಲೆ ಅವರು ಬ್ರಿಟನ್ ಬಿಟ್ಟು ಹೊರಗೆ ಹೋಗಲೇ ಇಲ್ಲ. 1842ರಿಂದ ತೀರಿಕೊಂಡ 1882ರ ವರೆಗೆ, ನಲವತ್ತು ವರ್ಷ, ಲಂಡನ್ನಿನಿಂದ ಸುಮಾರು 25 ಕಿಲೋಮೀಟರ್ ದೂರದ ಡೌನ್ ಎಂಬ ಹಳ್ಳಿಯ ಒಂದೇ ಮನೆಯಲ್ಲಿ ಕಳೆದರು. ಜೀವವಿಕಾಸ ಕುರಿತ ಅವರ ಪುಸ್ತಕಗಳೆಲ್ಲ ಹುಟ್ಟಿದ್ದು ಆ 'ಡೌನ್ ಹೌಸ್'ನಲ್ಲೇ. ಮನೆಯಲ್ಲಿ ಮೌನವಿತ್ತೆಂದು ಮಾತ್ರ ಯಾರೂ ತಿಳಿಯಬಾರದು.

ಲೆಕ್ಕ ಹಾಕಿ ಆದ ಮದುವೆ

ಮದುವೆಗೆ ಮುಂಚೆ, 1838ರಲ್ಲಿ, ಡಾರ್ವಿನ್ ಒಂದು ಕಾಗದವನ್ನು ಎರಡು ಭಾಗ ಮಾಡಿ ಮದುವೆಯ ಲಾಭನಷ್ಟಗಳ ಪಟ್ಟಿ ಬರೆದಿದ್ದರು. ಮದುವೆಯಾದರೆ ಹೊತ್ತು ಹಾಳು, ಪುಸ್ತಕ ಕೊಳ್ಳಲು ದುಡ್ಡು ಸಾಲದು, ಮಕ್ಕಳ ಖರ್ಚು, ಚಿಂತೆ. ಆಗದಿದ್ದರೆ ಮುದಿವಯಸ್ಸಿನಲ್ಲಿ ಜೊತೆಯಿಲ್ಲ, ಮಕ್ಕಳಿಲ್ಲ. ಹೆಂಡತಿಯ ಜೊತೆ ಸಾಕುನಾಯಿಯ ಜೊತೆಗಿಂತ ಮೇಲು ಎಂಬ ಒಂದು ಅಂಶವೂ ಆ ಪಟ್ಟಿಯಲ್ಲಿದೆ! ಕೂಡಿ ಕಳೆದು ಮದುವೆಯಾಗುವುದೇ ಸರಿ ಎಂಬ ತೀರ್ಮಾನಕ್ಕೆ ಬಂದರು. 1839ರ ಜನವರಿ 29ರಂದು ಎಮ್ಮಾ ವೆಜ್‌ವುಡ್ ಅವರ ಕೈಹಿಡಿದರು. ಎಮ್ಮಾ ಡಾರ್ವಿನ್ನರ ಸೋದರಮಾವನ ಮಗಳು. ವಯಸ್ಸಿನಲ್ಲಿ ಒಂಬತ್ತು ತಿಂಗಳು ದೊಡ್ಡವರು.

ಮಕ್ಕಳು ಹುಟ್ಟಿದ್ದು ಹತ್ತು. ವಿಲಿಯಂ, ಆನಿ, ಮೇರಿ, ಹೆನ್ರಿಯೆಟಾ, ಜಾರ್ಜ್, ಎಲಿಜಬೆತ್, ಫ್ರಾನ್ಸಿಸ್, ಲೆನಾರ್ಡ್, ಹೊರೇಸ್, ಕೊನೆಯವನು ಅಪ್ಪನ ಹೆಸರಿನವನೇ ಆದ ಚಾರ್ಲ್ಸ್. ಮೇರಿ ಹುಟ್ಟಿದ್ದು ಡೌನ್ ಹೌಸಿಗೆ ಬಂದು ಹತ್ತು ದಿನ ಕಳೆಯುವುದರೊಳಗೆ. ಮೂರೇ ವಾರ ಬದುಕಿದಳು. ಹತ್ತರಲ್ಲಿ ದೊಡ್ಡವರಾದದ್ದು ಏಳು ಮಂದಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇದು ಅನುಕೂಲಸ್ಥರ ಮನೆ. ಡಾರ್ವಿನ್ನರ ತಂದೆ ಹಣವಂತ ವೈದ್ಯರು, ಎಮ್ಮಾರ ತವರು ಹೆಸರಾಂತ ಪಿಂಗಾಣಿ ಕಾರ್ಖಾನೆಯ ಮನೆತನ. ಅಡುಗೆಗೆ, ತೋಟಕ್ಕೆ, ಮಕ್ಕಳನ್ನು ನೋಡಿಕೊಳ್ಳಲು ಆಳುಕಾಳುಗಳಿದ್ದರು. ಅಪ್ಪನಿಗೆ ಆಫೀಸಿನ ಹಂಗಿರಲಿಲ್ಲ. ಇಷ್ಟೆಲ್ಲ ಇದ್ದರೂ ಹತ್ತು ಹೆರಿಗೆ, ಮಕ್ಕಳ ಕಾಯಿಲೆ, ಸದಾ ಹೊಟ್ಟೆಯ ತೊಂದರೆಯಿಂದ ನರಳುತ್ತಿದ್ದ ಗಂಡನ ಆರೈಕೆ ಎಲ್ಲವೂ ಎಮ್ಮಾರ ಪಾಲಿಗೇ ಬಂದಿತ್ತು. ಡಾರ್ವಿನ್ನರ ಪುಸ್ತಕಗಳ ಹಿಂದೆ ಈ ದುಡಿಮೆ ಇದೆ. ಪಠ್ಯಪುಸ್ತಕ ಅದನ್ನು ಹೇಳುವುದಿಲ್ಲ, ಅಷ್ಟೆ.

ಪ್ಲಾಸ್ಟರ್ ಕದಿಯುವ ಸಾಹಸ

ಮನೆಯ ಮೆಟ್ಟಿಲ ಮೇಲೆ ಒರಗಿಸಿ ಜಾರಲು ಅಂಚುಕಟ್ಟಿದ ಮರದ ಹಲಗೆಯೊಂದಿತ್ತು. ಇಂದು ವಸ್ತುಸಂಗ್ರಹಾಲಯವಾಗಿರುವ ಡೌನ್ ಹೌಸ್‌ಗೆ ಹೋದವರು ಮಕ್ಕಳ ಆ ಜಾರುಹಲಗೆಯನ್ನು ಈಗಲೂ ನೋಡಬಹುದು. ಇಂಥ ಮನೆಯಲ್ಲಿ ಮೊಣಕಾಲು ತರಚುವುದು, ಬೆರಳು ಕುಯ್ದುಕೊಳ್ಳುವುದು ದಿನದ ಮಾತು. ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಇರುತ್ತಿದ್ದದ್ದು ಅಪ್ಪನ ಓದುವ ಕೋಣೆಯಲ್ಲಿ. ಅಲ್ಲಿ ಪ್ಲಾಸ್ಟರ್ ಮಾತ್ರವಲ್ಲ, ದಾರ, ಗುಂಡುಸೂಜಿ, ಕತ್ತರಿ, ಅಂಚೆಚೀಟಿ, ಅಡಿಪಟ್ಟಿ, ಸುತ್ತಿಗೆ ಎಲ್ಲವೂ ಸಿಗುತ್ತಿದ್ದವು. ಹೀಗಾಗಿ ಮಕ್ಕಳ ದಂಡು ಒಂದಲ್ಲ ಒಂದು ನೆಪದಿಂದ ಬಾಗಿಲು ತಳ್ಳಿಕೊಂಡು ಬರುತ್ತಲೇ ಇತ್ತು. ಡಾರ್ವಿನ್ ಗದರುತ್ತಿರಲಿಲ್ಲ. ತೀರಾ ಅತಿಯಾದಾಗ, ಇವತ್ತು ಬಹಳ ಸಲ ಕೆಲಸ ನಿಂತಿದೆ, ಇನ್ನೊಮ್ಮೆ ಬರದೆ ಇರಲಾದೀತೇ ಎಂದು ತಾಳ್ಮೆಯಿಂದ ಕೇಳುತ್ತಿದ್ದರಂತೆ.

ಪ್ಲಾಸ್ಟರ್ ಕೇಳುವುದಕ್ಕೆ ಮಾತ್ರ ಮಕ್ಕಳಿಗೆ ಅಳುಕು. ಬೈಗುಳದ ಭಯದಿಂದಲ್ಲ, ರಕ್ತ ಕಂಡರೆ ಅಪ್ಪನಿಗೆ ತಡೆಯಲಾಗುತ್ತಿರಲಿಲ್ಲ ಎಂಬ ಕಾರಣಕ್ಕೆ. ಡಾರ್ವಿನ್ ಎಡಿನ್‌ಬರೋದಲ್ಲಿ ವೈದ್ಯ ಶಿಕ್ಷಣಕ್ಕೆ ಸೇರಿದ್ದಾಗ ಅರಿವಳಿಕೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಎಚ್ಚರವಿದ್ದ ಮಗುವೊಂದಕ್ಕೆ ನಡೆದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಅವರು ಅಲ್ಲಿಂದ ಓಡಿಬಂದಿದ್ದರು. ಇದೆಲ್ಲ ಬಲ್ಲ ಮಕ್ಕಳು ಬೆರಳನ್ನು ಮುಚ್ಚಿಕೊಂಡು ಓಣಿಯಲ್ಲಿ ಅಡಗಿ ನಿಂತು, ಅಪ್ಪ ಹೊರಗೆ ಹೋದದ್ದು ಖಾತ್ರಿಯಾದ ಮೇಲೆ ಒಳಗೆ ನುಗ್ಗಿ ಪ್ಲಾಸ್ಟರ್ ತೆಗೆದುಕೊಂಡು ಬರುತ್ತಿದ್ದರು.

ರಕ್ತಕ್ಕೆ ಅಂಜುವ ಇದೇ ಮನುಷ್ಯ ಒಮ್ಮೆ ವೈದ್ಯರ ಕೆಲಸ ಮಾಡಬೇಕಾಯಿತು. 1850ರ ಜನವರಿಯಲ್ಲಿ ಲೆನಾರ್ಡ್ ಹುಟ್ಟುವಾಗ ನೋವು ಬೇಗ ಶುರುವಾಯಿತು, ವೈದ್ಯರು ಇನ್ನೂ ಬಂದಿರಲಿಲ್ಲ. ಹೆರಿಗೆಯಲ್ಲಿ ಕ್ಲೋರೋಫಾರಂ ಬಳಸುವುದು ಶುರುವಾಗಿ ಆಗ ಎರಡೇ ವರ್ಷ. ಡಾರ್ವಿನ್ ತಾವೇ ಅದನ್ನು ಎಮ್ಮಾರಿಗೆ ಮೂಸಿಸಿ ಒಂದೂವರೆ ಗಂಟೆ ನೋವು ತಿಳಿಯದಂತೆ ನೋಡಿಕೊಂಡರು. ಇಂದಿನ ವೈದ್ಯರು ಕೇಳಿದರೆ ಬೆಚ್ಚಿಬೀಳುವ ಧೈರ್ಯ ಅದು! ಕ್ಲೋರೋಫಾರಂನ ಪ್ರಮಾಣ ತುಸು ಹೆಚ್ಚಿದರೂ ಜೀವಕ್ಕೆ ಅಪಾಯ.

ಕಾಯಿಲೆಯ ಮಗುವಿಗೆ ಆ ಓದುವ ಕೋಣೆಯಲ್ಲೇ ಹಾಸಿಗೆ. ಸೋಫಾದ ಮೇಲೆ ಹೊದಿಸಿ ಮಲಗಿಸಿದರೆ ಮಗು ಗೋಡೆಯ ಮೇಲಿನ ಹಳೆಯ ಭೂವಿಜ್ಞಾನ ನಕಾಶೆಯನ್ನು ನೋಡುತ್ತ ಮಲಗಿರುತ್ತಿತ್ತು; ಪಕ್ಕದಲ್ಲಿ ಅಪ್ಪ ಬರೆಯುತ್ತಿರುತ್ತಿದ್ದರು. ನಾಲ್ಕು ವರ್ಷದ ಒಬ್ಬ ಮಗನಂತೂ ಕೆಲಸದ ಹೊತ್ತಿನಲ್ಲಿ ಅಪ್ಪನನ್ನು ಆಟಕ್ಕೆ ಕರೆಯಲು ಆರು ಪೆನ್ನಿ ಲಂಚ ಕೊಡಲು ನೋಡಿದನಂತೆ. ಕೆಲಸದ ಹೊತ್ತು ಎಷ್ಟು ಬೆಲೆಯದೆಂದು ಅವನಿಗೂ ಗೊತ್ತಿತ್ತು ಎನ್ನಬೇಕು.

ಸಕ್ಕರೆ ಕದ್ದವನ ಕಣ್ಣು

ಹಿರಿಯ ಮಗ ವಿಲಿಯಂ 1839ರ ಡಿಸೆಂಬರ್ 27ರಂದು ಹುಟ್ಟಿದ. ಡಾರ್ವಿನ್ ಅವನ ಬಗ್ಗೆ ಟಿಪ್ಪಣಿ ಬರೆದಿಡಲು ತೊಡಗಿದರು. ಸೀನಿದ್ದು, ಬೆಚ್ಚಿದ್ದು, ಮೊದಲ ಬಾರಿ ಸಿಟ್ಟಾದದ್ದು, ಅಪ್ಪ ಒಂದು ಗೊಂಬೆಯನ್ನು ಮುದ್ದಿಸಿದಾಗ ಹೊಟ್ಟೆಕಿಚ್ಚು ಪಟ್ಟದ್ದು ಎಲ್ಲ ಅದರಲ್ಲಿದೆ. ಹುಡುಗನಿಗೆ ಎರಡೂವರೆ ವರ್ಷ ದಾಟಿದ್ದಾಗ ಊಟದ ಕೋಣೆಯಿಂದ ಹೊರಗೆ ಬರುವಾಗ ಎದುರಿಗೆ ಅಪ್ಪ ಸಿಕ್ಕಿದರು. ಮಗನ ಕಣ್ಣಲ್ಲಿ ಏನೋ ಅಸಹಜ ಹೊಳಪು, ನಡಿಗೆಯಲ್ಲಿ ವಿಚಿತ್ರ ಬಿಂಕ. ಒಳಗೆ ಹೋಗಿ ನೋಡಿದರೆ ಮುಟ್ಟಬಾರದೆಂದಿದ್ದ ಸಕ್ಕರೆಗೆ ಕೈ ಹಾಕಿದ್ದ! ಎರಡು ವಾರದ ನಂತರ ಮತ್ತೆ ಅದೇ ಬಾಗಿಲಲ್ಲಿ ಭೇಟಿ. ಈ ಸಲ ಅಂಗಿಯ ಮೇಲಿನ ಏಪ್ರನ್ನನ್ನು ಜೋಪಾನವಾಗಿ ಸುರುಳಿ ಸುತ್ತಿ ಹಿಡಿದಿದ್ದಾನೆ. ಬಿಚ್ಚಿ ನೋಡಿದರೆ ಉಪ್ಪಿನಕಾಯಿ ರಸದ ಕಲೆ.

ಯಾವ ಮನೆಯಲ್ಲಿ ಇದು ನಡೆಯುವುದಿಲ್ಲ ಹೇಳಿ? ಸಾಮಾನ್ಯವಾಗಿ ಬೆನ್ನಿಗೊಂದು ಗುದ್ದು ಬಿದ್ದು ಕಥೆ ಮುಗಿಯುತ್ತದೆ. ಡಾರ್ವಿನ್ ಹೊಡೆಯಲಿಲ್ಲ, ಬರೆದುಕೊಂಡರು. ಮೊದಲ ಸಲ ಕಂಡದ್ದು ತಪ್ಪಿನ ಅರಿವಿಲ್ಲದ ಬರೀ ಉತ್ಸಾಹವೇ? ಎರಡನೆಯ ಸಲದ್ದು ಯೋಚಿಸಿ ಮಾಡಿದ ಮುಚ್ಚುಮರೆ. ಎರಡರ ನಡುವೆ ಎರಡೇ ವಾರ. ಹುಡುಗನನ್ನು ಒಳ್ಳೆಯ ಮಾತಿನಿಂದಲೇ ತಿದ್ದಿದೆವು, ಬೇಗನೆ ಸತ್ಯವಂತನಾದ ಎಂದೂ ಸೇರಿಸಿದ್ದಾರೆ. ಈ ಟಿಪ್ಪಣಿಗಳು 1877ರಲ್ಲಿ 'ಮೈಂಡ್' ಎಂಬ ಪತ್ರಿಕೆಯಲ್ಲಿ ಪ್ರಬಂಧವಾಗಿ ಅಚ್ಚಾದವು. ಮಗುವಿನ ಮನಸ್ಸಿನ ಬೆಳವಣಿಗೆಯನ್ನು ಅಭ್ಯಾಸ ಮಾಡಿದ ಮೊದಮೊದಲ ಬರಹಗಳಲ್ಲಿ ಅದೂ ಒಂದೆಂದು ಎಣಿಸುತ್ತಾರೆ. ಅಷ್ಟು ಹೊತ್ತಿಗೆ ಉಪ್ಪಿನಕಾಯಿ ಕಳ್ಳ 37 ವರ್ಷದ ಬ್ಯಾಂಕರ್ ಆಗಿದ್ದ.

ಹಿಟ್ಟು ಬಳಿದ ದುಂಬಿಗಳು

1846ರಿಂದ 1854ರ ವರೆಗೆ ಎಂಟು ವರ್ಷ ಡಾರ್ವಿನ್ ಬಾರ್ನಕಲ್‌ಗಳ ಮೇಲೆ ಕೆಲಸ ಮಾಡಿದರು. ಕಡಲ ಬಂಡೆಗೆ, ಹಡಗಿನ ತಳಕ್ಕೆ ಅಂಟಿಕೊಳ್ಳುವ ಚಿಪ್ಪಿನ ಜೀವಿ ಇದು. ಕಾಣಲು ಕಪ್ಪೆಚಿಪ್ಪಿನಂತಿದ್ದರೂ ಏಡಿ, ಸಿಗಡಿಗಳ ಬಳಗಕ್ಕೆ ಸೇರಿದ್ದು. ಹುಟ್ಟಿದಾಗಿನಿಂದ ಅಪ್ಪ ಬಾರ್ನಕಲ್ ಕೊಯ್ಯುವುದನ್ನೇ ನೋಡಿದ ಮಕ್ಕಳಿಗೆ ಲೋಕದ ಅಪ್ಪಂದಿರೆಲ್ಲರ ಕಸುಬೂ ಇದೇ ಎಂಬ ನಂಬಿಕೆ. ನೆರೆಮನೆಯವರ ಬಗ್ಗೆ ಒಬ್ಬ ಹುಡುಗ, ಹಾಗಾದರೆ ಅವರು ತಮ್ಮ ಬಾರ್ನಕಲ್ ಕೆಲಸ ಎಲ್ಲಿ ಮಾಡುತ್ತಾರೆ ಎಂದು ಕೇಳಿದ್ದು ಮನೆಯಲ್ಲಿ ಬಹಳ ಕಾಲ ನಗೆಯ ಮಾತಾಗಿ ಉಳಿಯಿತು.

1854ರ ಸೆಪ್ಟೆಂಬರಿನಲ್ಲಿ ಒಬ್ಬ ಮಗ ದೊಡ್ಡ ಮರವೊಂದರ ಬುಡದ ಪೊಟರೆಯೊಳಗೆ ಬಂಬಲ್ ಬೀ ಎಂಬ ದಪ್ಪ ದುಂಬಿಗಳು ಹೋಗುವುದನ್ನು ಕಂಡು ಅಪ್ಪನಿಗೆ ಹೇಳಿದ. ಗೂಡಿರಬೇಕೆಂದು ನೋಡಿದರೆ ಗೂಡಿಲ್ಲ. ದುಂಬಿಗಳು ಅಲ್ಲಿ ಕ್ಷಣ ಹೊತ್ತು ಗುಂಯ್‌ಗುಟ್ಟಿ ಮುಂದಿನ ಜಾಗಕ್ಕೆ ಹೋಗುತ್ತವೆ, ಅಲ್ಲಿಂದ ಮತ್ತೊಂದಕ್ಕೆ. ಬಸ್ಸು ನಿಲ್ದಾಣದಿಂದ ನಿಲ್ದಾಣಕ್ಕೆ ಹೋದಂತೆ! ಹಾರುವ ದುಂಬಿಯ ಹಿಂದೆ ಒಬ್ಬರೇ ಓಡಲಾಗುತ್ತದೆಯೇ? ಡಾರ್ವಿನ್ ಐದಾರು ಮಕ್ಕಳನ್ನು ಒಂದೊಂದು ನಿಲ್ದಾಣದ ಬಳಿ ನಿಲ್ಲಿಸಿದರು. ದುಂಬಿ ಬಂದೊಡನೆ ಅಲ್ಲಿದ್ದ ಮಗು ಕೂಗಬೇಕು. ಗುರುತಿಗಾಗಿ ದುಂಬಿಗಳ ಬೆನ್ನಿಗೆ ಹಿಟ್ಟು ಉದುರಿಸಿದರು. ಈ ಆಟ ಹಲವು ಬೇಸಿಗೆ ನಡೆಯಿತು. ಹಾಗೆ ತಿರುಗುವವೆಲ್ಲ ಗಂಡು ದುಂಬಿಗಳು. ಅವು ಚಳಿಗಾಲದೊಳಗೆ ಸಾಯುತ್ತವೆ. ಆದರೂ ಮರುವರ್ಷ ಹುಟ್ಟಿದ ಹೊಸ ದುಂಬಿಗಳು ಅದೇ ನಿಲ್ದಾಣಗಳಿಗೆ ಬರುತ್ತಿದ್ದವು. ಅದು ಹೇಗೆಂಬುದು ಡಾರ್ವಿನ್ನರಿಗೆ ಬಗೆಹರಿಯಲಿಲ್ಲ. ಗಂಡು ದುಂಬಿಗಳು ಹೆಣ್ಣನ್ನು ಸೆಳೆಯಲು ಇಂಥ ಜಾಗಗಳಲ್ಲಿ ವಾಸನೆಯ ದ್ರವ್ಯ ಸವರಿ ಹೋಗುತ್ತವೆ ಎಂಬುದು ಈಗ ಗೊತ್ತಾಗಿದೆ.

1855ರಲ್ಲಿ ಮನೆ ತುಂಬ ಉಪ್ಪುನೀರಿನ ಬಾಟಲಿಗಳು. ಸಾಗರದ ನಡುವಿನ ದ್ವೀಪಕ್ಕೆ ಗಿಡಗಳು ಹೋದದ್ದು ಹೇಗೆ? ಬೀಜ ತೇಲಿಕೊಂಡು ಹೋಗಿರಬಹುದೇ? ಉಪ್ಪುನೀರಲ್ಲಿ ಅದು ಬದುಕೀತೇ? ಸಸ್ಯವಿಜ್ಞಾನಿ ಮಿತ್ರ ಹೂಕರ್ ಅವರಿಗೆ ಇದರಲ್ಲಿ ನಂಬಿಕೆ ಕಡಿಮೆ. ಮಕ್ಕಳಿಗೆ ಇದು ಕ್ರಿಕೆಟ್ ಮ್ಯಾಚಿನಂತಾಯಿತು. ಅಪ್ಪ ಹೂಕರ್ ಅವರನ್ನು ಸೋಲಿಸುತ್ತಾರೆಯೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಕೋಸು, ಮೂಲಂಗಿ ಬೀಜದ ನೀರು ಕೊಳೆತು ನಾರಿತು. ಆದರೂ ಬೀಜ ಮೊಳೆಯಿತು! ಒಟ್ಟು 87 ಬಗೆಯ ಬೀಜಗಳಲ್ಲಿ 64 ಬಗೆಯವು 28 ದಿನ ಉಪ್ಪುನೀರಿನಲ್ಲಿ ನೆನೆದ ಮೇಲೂ ಮೊಳೆತವು. ಕೆಲವಂತೂ 137 ದಿನ ತಾಳಿಕೊಂಡವು. ಈ ಅಂಕಿಗಳು 'ಜೀವಪ್ರಭೇದಗಳ ಉಗಮ' ಪುಸ್ತಕದಲ್ಲಿ ಸೇರಿವೆ. ಇಂಥ ಪ್ರಯೋಗಕ್ಕೆ ಬೇಕಾದದ್ದು ಬಾಟಲಿ, ಉಪ್ಪು, ಸಹನೆ. ಯಾವ ಮನೆಯಲ್ಲಾದರೂ ಮಾಡಿ ನೋಡಬಹುದು.

ಎರಡು ಬರಸಿಡಿಲು

ಎರಡನೆಯ ಮಗು ಆನಿ ಅಪ್ಪನ ಕಣ್ಮಣಿ. ನಶ್ಯ ಏರಿಸುವ ಚಟ ಕಡಿಮೆ ಮಾಡಿಕೊಳ್ಳಲೆಂದು ಡಾರ್ವಿನ್ ನಶ್ಯದ ಡಬ್ಬಿಯನ್ನು ತಮ್ಮ ಕೋಣೆಯಿಂದ ಹೊರಗೆ, ಹಜಾರದಲ್ಲಿ ಇಟ್ಟುಕೊಳ್ಳುತ್ತಿದ್ದರು. ಆನಿ ಒಂದು ಚಿಟಿಕೆ ಕದ್ದು ತಂದು ಅಪ್ಪನಿಗೆ ಕೊಟ್ಟು ಸಂತೋಷಪಡುತ್ತಿದ್ದಳು. 1850ರಿಂದ ಅವಳ ಆರೋಗ್ಯ ಕೆಡುತ್ತ ಬಂತು. ಮರುವರ್ಷ ಮಾರ್ಚಿನಲ್ಲಿ ಮಾಲ್ವರ್ನ್ ಎಂಬ ಊರಿಗೆ, ತಣ್ಣೀರಿನ ಚಿಕಿತ್ಸೆ ಕೊಡುವ ವೈದ್ಯರ ಬಳಿಗೆ ಒಯ್ದರು. ಎಮ್ಮಾ ತುಂಬು ಗರ್ಭಿಣಿ, ಮನೆಯಲ್ಲೇ ಉಳಿಯಬೇಕಾಯಿತು. ಅಪ್ಪ ಮಗಳ ಹಾಸಿಗೆಯ ಪಕ್ಕದಿಂದ ದಿನವೂ ಕಾಗದ ಬರೆಯುತ್ತಿದ್ದರು. ಒಂದು ದಿನ ಆಸೆ, ಒಂದು ದಿನ ನಿರಾಸೆ. 1851ರ ಏಪ್ರಿಲ್ 23ರಂದು ಆನಿ ತೀರಿಕೊಂಡಳು. ವಯಸ್ಸು ಹತ್ತು. ಕ್ಷಯವಿದ್ದಿರಬಹುದು ಎಂಬುದು ಈಗಿನವರ ಊಹೆ. ಮೂರು ವಾರಕ್ಕೆ ಹೊರೇಸ್ ಹುಟ್ಟಿದ.

ಎಮ್ಮಾ ಆನಿಯ ಬರೆಯುವ ಪೆಟ್ಟಿಗೆಯನ್ನು, ಅದರೊಳಗಿನ ಪುಟ್ಟ ವಸ್ತುಗಳನ್ನು ಕೊನೆಯವರೆಗೂ ಜೋಪಾನವಾಗಿಟ್ಟಿದ್ದರು. ವಂಶಸ್ಥರೊಬ್ಬರ ಕೈಗೆ ಅದು ಸಿಕ್ಕು, 2001ರಲ್ಲಿ ಅದರಿಂದಲೇ ಒಂದು ಪುಸ್ತಕ ಬಂತು. ತಮ್ಮದು ಹತ್ತಿರದ ಸಂಬಂಧದ ಮದುವೆ, ಮಕ್ಕಳ ಕಾಯಿಲೆಗೆ ಅದೇ ಕಾರಣವಿರಬಹುದೇ ಎಂಬ ಕೊರಗು ಡಾರ್ವಿನ್ನರನ್ನು ಬಿಡಲಿಲ್ಲ. 1871ರ ಜನಗಣತಿಯಲ್ಲಿ ಸೋದರ ಸಂಬಂಧದ ಮದುವೆಗಳ ಬಗ್ಗೆ ಪ್ರಶ್ನೆ ಸೇರಿಸಬೇಕೆಂದು ಅವರು ಪ್ರಯತ್ನಿಸಿದರು, ಪಾರ್ಲಿಮೆಂಟು ಒಪ್ಪಲಿಲ್ಲ.

ಎರಡನೆಯ ಸಿಡಿಲು ಬಡಿದದ್ದು 1858ರ ಜೂನ್ ತಿಂಗಳಲ್ಲಿ. 18ರಂದು ವ್ಯಾಲೇಸ್ ಅವರಿಂದ ಒಂದು ಲಕೋಟೆ ಬಂತು. ಇಪ್ಪತ್ತು ವರ್ಷ ತಾವು ಗುಟ್ಟಾಗಿ ಬೆಳೆಸಿಕೊಂಡು ಬಂದ ಸಿದ್ಧಾಂತವೇ ಇನ್ನೊಬ್ಬರ ಕೈಬರಹದಲ್ಲಿ! ಅದೇ ಹೊತ್ತಿಗೆ ಹೆನ್ರಿಯೆಟಾಗೆ ಗಂಟಲಮಾರಿ. ಕೆಲವೇ ದಿನಗಳಲ್ಲಿ ಒಂದೂವರೆ ವರ್ಷದ ಕೊನೆಯ ಮಗುವಿಗೆ ಸ್ಕಾರ್ಲೆಟ್ ಜ್ವರ. ಇಂದು ಒಂದು ಕೋರ್ಸು ಪೆನಿಸಿಲಿನ್ ಕೊಟ್ಟು ಗುಣಪಡಿಸುವ ರೋಗ. ಆಗ ಔಷಧವೇ ಇರಲಿಲ್ಲ. 28ರಂದು ಮಗು ಹೋಯಿತು. ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಡಾರ್ವಿನ್, ವ್ಯಾಲೇಸ್ ಇಬ್ಬರ ಬರಹಗಳನ್ನೂ ಓದಿದಾಗ, ಜೀವವಿಜ್ಞಾನದ ಚರಿತ್ರೆಯಲ್ಲಿ ಎಲ್ಲರೂ ನೆನೆಯುವ ಆ ಸಭೆಯಲ್ಲಿ ಡಾರ್ವಿನ್ ಇರಲಿಲ್ಲ. ಉಳಿದ ಮಕ್ಕಳನ್ನು ಸೋಂಕಿನಿಂದ ದೂರ ಮಾಡುವ ಗಡಿಬಿಡಿಯಲ್ಲಿತ್ತು ಮನೆ. ಅದೇ ಬೇಸಿಗೆಯಲ್ಲಿ ಸಂಸಾರ ಸಮೇತ ವೈಟ್ ದ್ವೀಪಕ್ಕೆ ಹೋದವರು ಅಲ್ಲಿ ಆ ದೊಡ್ಡ ಪುಸ್ತಕವನ್ನು ಬರೆಯತೊಡಗಿದರು. 1859ರ ನವೆಂಬರ್ 24ರಂದು ಅದು ಹೊರಬಂತು.

ಜೀರುಂಡೆ, ಅಂಚೆಚೀಟಿ, ಬ್ಯಾಂಡು

ಆ ಪುಸ್ತಕ ಬರುವುದಕ್ಕೆ ಐದು ತಿಂಗಳು ಮುಂಚೆ ಇದೇ ಮನೆಯಿಂದ ಇನ್ನೊಂದು ಪ್ರಕಟಣೆ ಆಗಿತ್ತು. ಕೀಟಶಾಸ್ತ್ರದ ವಾರಪತ್ರಿಕೆಯೊಂದರಲ್ಲಿ ಫ್ರಾನ್ಸಿಸ್, ಲೆನಾರ್ಡ್, ಹೊರೇಸ್ ಮೂವರ ಹೆಸರಿನಲ್ಲಿ, ತಮ್ಮೂರಲ್ಲಿ ಹಿಡಿದ ಅಪರೂಪದ ಜೀರುಂಡೆಗಳ ಬಗ್ಗೆ ಒಂದು ಟಿಪ್ಪಣಿ! ಲೇಖಕರ ವಯಸ್ಸು ಹತ್ತು, ಒಂಬತ್ತು, ಎಂಟು. ಬರೆದವರು ಯಾರೆಂದು ಊಹಿಸುವುದು ಕಷ್ಟವಲ್ಲ. ಕಾಲೇಜು ದಿನಗಳಲ್ಲಿ ಅಪ್ಪನೂ ಜೀರುಂಡೆಯ ಹುಚ್ಚರೇ ಆಗಿದ್ದರು.

1862ರಲ್ಲಿ ಲೆನಾರ್ಡನಿಗೂ ಸ್ಕಾರ್ಲೆಟ್ ಜ್ವರ ಬಂತು. ತಾಯಿಗೂ ಅಂಟಿತು. ಹುಡುಗನಿಗೆ ಅಂಚೆಚೀಟಿ ಕೂಡಿಸುವ ಹುಚ್ಚು. ಡಾರ್ವಿನ್ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಆರ್ಕಿಡ್ ಹೂವುಗಳ ಚರ್ಚೆಯ ನಡುವೆ ಅಲ್ಲಿಯ ಚೀಟಿಗಳನ್ನು ಕಳಿಸಲು ಕೇಳಿದರು. ಚೀಟಿ ಬಂದಾಗ ಕಾಯಿಲೆಯ ಹುಡುಗ ಮೊಣಕೈ ಊರಿ ಎದ್ದು ನೋಡಿದ ಎಂಬ ಸುದ್ದಿ ಮರು ಟಪಾಲಿನಲ್ಲಿ ಅಮೆರಿಕಕ್ಕೆ ಹೋಯಿತು. ಈ ಸಲ ತಾಯಿ ಮಗ ಇಬ್ಬರೂ ಉಳಿದರು. ಲೆನಾರ್ಡ್ 1943ರ ವರೆಗೆ ಬದುಕಿದ.

ಮನೆಯಲ್ಲಿ ದೊಡ್ಡ ಸಂತೋಷದ ದಿನಗಳೂ ಬಂದವು. 1868ರಲ್ಲಿ ಜಾರ್ಜ್ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದಾಗ ಡಾರ್ವಿನ್ನರಿಗೆ ಕಾಗದ ಬರೆಯಲು ಕೈ ನಡುಗುವಷ್ಟು ಹಿಗ್ಗು. 1871ರಲ್ಲಿ ಹೆನ್ರಿಯೆಟಾ ಮದುವೆ. ಉನ್ನತ ವಿದ್ಯಾಭ್ಯಾಸ ಸಿಕ್ಕಿದ್ದು ಗಂಡುಮಕ್ಕಳಿಗೆ ಮಾತ್ರ. ಆ ಕಾಲದ ಪೂರ್ವಗ್ರಹದಿಂದ ಈ ಮನೆಯೂ ಹೊರತಾಗಿರಲಿಲ್ಲ. ಆದರೂ ಅದೇ ವರ್ಷ ಹೊರಬಂದ 'ಮಾನವನ ಅವತರಣ'ದ ಕರಡನ್ನು ಓದಿ ತಿದ್ದಲು ಡಾರ್ವಿನ್ ನೆಚ್ಚಿಕೊಂಡದ್ದು ಕಾಲೇಜು ಕಾಣದ ಹೆನ್ರಿಯೆಟಾಳನ್ನು.

ಊರಿಗೆಲ್ಲ ಗೊತ್ತಿದ್ದ ಹಬ್ಬ ಇನ್ನೊಂದು. ಹಳ್ಳಿಯ ದುಡಿಯುವ ಜನ ಕಷ್ಟಕಾಲಕ್ಕೆಂದು ಕಟ್ಟಿಕೊಂಡಿದ್ದ ಉಳಿತಾಯ ಸಂಘಕ್ಕೆ ಡಾರ್ವಿನ್ ಮೂವತ್ತು ವರ್ಷ ಖಜಾಂಚಿ. ಪೆಂತೆಕೋಸ್ತ ಹಬ್ಬದ ಮಾರನೆಯ ಸೋಮವಾರ ಸದಸ್ಯರು ಬ್ಯಾಂಡು, ಬಾವುಟ ಸಮೇತ ಮೆರವಣಿಗೆಯಲ್ಲಿ ಡೌನ್ ಹೌಸ್ ಅಂಗಳಕ್ಕೆ ಬರುತ್ತಿದ್ದರು. ಖಜಾಂಚಿಗಳು ಲೆಕ್ಕ ಒಪ್ಪಿಸಿ ಪ್ರತಿ ವರ್ಷದ ಅವೇ ಹಳೆಯ ತಮಾಷೆಗಳನ್ನು ಹೇಳುತ್ತಿದ್ದರು. ಎಷ್ಟೋ ಸಲ ಮೈ ಹುಷಾರಿಲ್ಲದೆ ಅಷ್ಟು ಹೊತ್ತು ನಿಲ್ಲುವುದೇ ಅವರಿಗೆ ಕಷ್ಟವಾಗುತ್ತಿತ್ತು.

ಎಮ್ಮಾರ ಅಡುಗೆ ಪುಸ್ತಕದಲ್ಲಿ ಒಂದು ಬರಹ ಗಂಡನ ಕೈಯದು. ಅದು ಅನ್ನ ಮಾಡುವ ಕ್ರಮ! ಉಪ್ಪು ಹಾಕಿದ ಕುದಿನೀರಿಗೆ ಅಕ್ಕಿ ಸುರಿದು, ಗಡಿಯಾರ ನೋಡಿಕೊಂಡು ಹನ್ನೆರಡು ನಿಮಿಷ ಕುದಿಸಿ, ನೀರು ಬಸಿದು, ಹತ್ತು ನಿಮಿಷ ಕೆಂಡದ ಮೇಲಿಡಬೇಕು. ನಮ್ಮ ಅಜ್ಜಿಯರು ಗಂಜಿ ಬಸಿಯುತ್ತಿದ್ದದ್ದೂ ಹೀಗೆಯೇ, ಗಡಿಯಾರವೊಂದು ಇರಲಿಲ್ಲ. ರಾತ್ರಿ ಗಂಡಹೆಂಡತಿ ಎರಡು ಆಟ ಬ್ಯಾಕ್‌ಗಾಮನ್ ಆಡುತ್ತಿದ್ದರು. ಪಗಡೆಯಂತೆ ದಾಳ ಉರುಳಿಸಿ ಕಾಯಿ ನಡೆಸುವ ಆಟ. ಅದಕ್ಕೂ ಲೆಕ್ಕ! 1876ರ ಜನವರಿ ಹೊತ್ತಿಗೆ ಎಮ್ಮಾ ಗೆದ್ದ ಆಟ 2490, ತಾವು ಗೆದ್ದದ್ದು 2795 ಎಂದು ಏಸಾ ಗ್ರೇ ಅವರಿಗೆ ಜಂಬದಿಂದ ತಿಳಿಸಿದ್ದಾರೆ.

ಕೊನೆಯ ದೊಡ್ಡ ಪ್ರಯೋಗದಲ್ಲೂ ಇಡೀ ಮನೆ ಪಾಲುಗೊಂಡಿತು. ಎರೆಹುಳುವಿಗೆ ಕಿವಿ ಕೇಳಿಸುತ್ತದೆಯೇ? ಹುಳುಗಳಿದ್ದ ಕುಂಡಗಳನ್ನು ಡ್ರಾಯಿಂಗ್ ರೂಮಿಗೆ ತಂದರು. ಫ್ರಾನ್ಸಿಸ್ ಬಸೂನ್ ಎಂಬ ದೊಡ್ಡ ಕೊಳವೆ ವಾದ್ಯ ಊದಿದ, ಅವನ ಪುಟ್ಟ ಮಗ ಬರ್ನಾರ್ಡ್ ಸೀಟಿ ಊದಿದ, ಎಮ್ಮಾ ಪಿಯಾನೋ ನುಡಿಸಿದರು. ಹುಳುಗಳು ಅಲುಗಲಿಲ್ಲ. ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಮಂದ್ರ ಸ್ವರ ಒತ್ತಿದಾಗ ಮಾತ್ರ ಬಿಲದೊಳಗೆ ಸರ್ರನೆ ಹೋದವು. ಗಾಳಿಯಲ್ಲಿ ಬಂದ ಶಬ್ದ ಅವಕ್ಕೆ ತಟ್ಟಲಿಲ್ಲ. ಮರ, ಮಣ್ಣುಗಳ ಮೂಲಕ ಬಂದ ಕಂಪನ ತಟ್ಟಿತು. ಎರೆಹುಳುವಿನ ಆ ಪುಸ್ತಕ ಬಂದದ್ದು 1881ರಲ್ಲಿ, ಡಾರ್ವಿನ್ ತೀರಿಕೊಳ್ಳುವ ಹಿಂದಿನ ವರ್ಷ.

ಜಾರ್ಜ್ ಖಗೋಳ ವಿಜ್ಞಾನಿಯಾದ, ಫ್ರಾನ್ಸಿಸ್ ಸಸ್ಯವಿಜ್ಞಾನಿಯಾದ, ಹೊರೇಸ್ ವೈಜ್ಞಾನಿಕ ಉಪಕರಣಗಳ ಕಂಪನಿ ಕಟ್ಟಿದ. ಮೂವರೂ ರಾಯಲ್ ಸೊಸೈಟಿಯ ಫೆಲೋಗಳಾದರು.

'ಜೀವಪ್ರಭೇದಗಳ ಉಗಮ'ದ ಮೂಲ ಹಸ್ತಪ್ರತಿಯಲ್ಲಿ ಇಂದು ಉಳಿದಿರುವುದು ಕೆಲವೇ ಕೆಲವು ಹಾಳೆಗಳು. ಅಚ್ಚಾದ ಮೇಲೆ ಡಾರ್ವಿನ್ ಅವನ್ನು ರದ್ದಿ ಎಂದೇ ಎಣಿಸಿದ್ದರು. ಉಳಿದವುಗಳಲ್ಲಿ ಹಲವು ಉಳಿದದ್ದು ಬೆನ್ನಿಗೆ ಮಕ್ಕಳು ಚಿತ್ರ ಬರೆದಿದ್ದರಿಂದ. ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ಅಂಥದೊಂದು ಹಾಳೆಯ ಒಂದು ಮಗ್ಗುಲಲ್ಲಿ ಜೀವವಿಕಾಸದ ವಾದವಿದೆ. ಇನ್ನೊಂದು ಮಗ್ಗುಲಲ್ಲಿ, ಫ್ರಾನ್ಸಿಸ್ ಬರೆದದ್ದೆನ್ನುವ ಬಣ್ಣದ ಚಿತ್ರದಲ್ಲಿ, ಹಣ್ಣು ತರಕಾರಿಗಳನ್ನು ಕುದುರೆ ಮಾಡಿಕೊಂಡ ಸೈನಿಕರು ಕತ್ತಿ ಹಿರಿದು ಯುದ್ಧಕ್ಕೆ ನಿಂತಿದ್ದಾರೆ.